ಕಬ್ಬಿಣದ ಕೈ ಮತ್ತು ರಸೂಲಮಾಮಾ

ಯಾವುದೇ ಹೊಸ ವಸ್ತು ಕಣ್ಣಿಗೆ ಬಿದ್ದರೂ ತಿಕೋಟಾದ ನಮ್ಮ ನೆರೆಮನೆಯ ರಸೂಲಮಾಮಾ ಮೊದಲು ನೋಡುತ್ತಿದ್ದದ್ದು ಅದರ ಒಡೆಯನ ಕೈಯನ್ನು. ಗೌಡರ ಮನೆಗೆ ಗ್ರಾಮಫೋನ್ ಬಂದಾಗಲೂ, ಮಾಸ್ತರರು ಸೈಕಲ್ ತಂದಾಗಲೂ ಅವರದು ಒಂದೇ ಮಾತು: “ಛಲೋ ಐತಿ. ಇದು ನಿಮ್ಮ ಯಾವ ಕೆಲಸ ಮಾಡ್ತೈತ್ರಿ?” ಗೌಡರಿಗೆ ಸಿಟ್ಟು ಬಂತು. ಮಾಸ್ತರರು ದಿನಾ ಇಟ್ಟಂಗಿಹಾಳದ ಸಾಲಿಗೆ ಹೋಗಬೇಕು ಎಂದಾಗ ಮಾತ್ರ, ರಸೂಲಮಾಮಾ ಹಂಗಾದ್ರ ಬೇಕೇ ಬೇಕು ಎಂದು ತಾವೇ ಗಾಲಿಗೆ ಗಾಳಿ ಹೊಡೆದುಕೊಟ್ಟರು.

ಯುದ್ಧದ ಕಾಲದಲ್ಲಿ ಅವರು ಪುಣೆಯ ಕಡೆ ಸಿಪಾಯಿಗಳ ದವಾಖಾನೆಯಲ್ಲಿದ್ದವರು. ಕೈಕಾಲು ಕಳೆದುಕೊಂಡವರಿಗೆ ಉಣ್ಣುವುದನ್ನು, ಗುಂಡಿ ಹಾಕಿಕೊಳ್ಳುವುದನ್ನು ಮತ್ತೆ ಕಲಿಸುವುದು ಅಲ್ಲಿ ಅವರ ಕೆಲಸವಾಗಿತ್ತು.

ಅವರು ಊರಿಗೆ ಮರಳಿದ ಮರುವರ್ಷ ವಿಜಾಪುರದ ಅರಳೆ ಗಿರಣಿಯಲ್ಲಿ ನನ್ನ ಬಲಗೈ ಮಣಿಕಟ್ಟಿನ ತನಕ ಹೋಯಿತು. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟು ದುಡಿದ ಮೈ ಇದು. ಯಾರ ಹಂಗಿನಲ್ಲೂ ಇದ್ದವನಲ್ಲ. ಈ ಹಿಂಗಾರಿಗೆ ನಾನು ಬಿತ್ತಲಾಗದಿದ್ದರೆ ಹೊಲದ ಸಾಗುವಳಿ ನಮ್ಮಪ್ಪನ ತಮ್ಮ, ಬಬಲೇಶ್ವರದ ಸಿದ್ದಪ್ಪಕಾಕಾನಿಗೆ ಎಂದು ಮನೆತನದ ಹಿರಿಯರು ಹೇಳಿಬಿಟ್ಟರು. ನಮ್ಮಲ್ಲಿ ಬಿತ್ತುವಾಗ ಎತ್ತು ಎಳೆಯುವ ಕೂರಿಗೆಯ ಬಟ್ಟಲಿಗೆ ಒಡೆಯನೇ ಬೀಜ ಬಿಡಬೇಕು, ಅದೂ ಬಲಗೈಯಿಂದ. ಎಡಗೈಯ ಬೀಜ ಮನೆತನಕ್ಕೆ ಆಗಿಬರುವುದಿಲ್ಲ ಎಂಬ ನಂಬಿಕೆ. ಅದಕ್ಕೇ ವಿಜಾಪುರದ ಕಮ್ಮಾರನಿಂದ ಸ್ಪ್ರಿಂಗಿನ ಎರಡು ಬೆರಳುಳ್ಳ ಕಬ್ಬಿಣದ ಕೈ ಮಾಡಿಸಿಕೊಂಡು ಬಂದೆ.

“ಎಷ್ಟ ಕಾಳ ಬಿದ್ದುವು ಅನ್ನೂದು ಇದಕ್ಕ ತಿಳೀತೈತೇನ ತಮ್ಮಾ?” ಎಂದು ರಸೂಲಮಾಮಾ ಕೇಳಿದರು. ನಾನು ಮುಖ ತಿರುಗಿಸಿದೆ. ಅವರು ಜಗಳಕ್ಕೆ ಬರಲಿಲ್ಲ. ದಿನಾ ಸಂಜೆ ನನ್ನನ್ನು ಕೂಡಿಸಿಕೊಂಡು, ನನ್ನ ಎಡಗೈಯ ಹಿಡಿಯಿಂದ ಶೀಸೆಯ ಬಾಯಿಗೆ ಜೋಳ ಬಿಡಿಸುತ್ತಿದ್ದರು. ಚೆಲ್ಲಿದ್ದನ್ನು ನಾನೇ ಆಯಬೇಕು. “ಸಿಟ್ಟ ಬಾಯಾಗ ಇರ್ಲಿ, ಬೆರಳಿಗಿ ಇಳಸಬ್ಯಾಡ,” ಅನ್ನುತ್ತಿದ್ದರು.

ಹೊಲ ಹದಕ್ಕೆ ಬಂದ ದಿನ ಕಾಕಾ ತನ್ನ ಎತ್ತುಗಳೊಂದಿಗೇ ಬಂದು ಬದುವಿನ ಮೇಲೆ ಕೂತ. ಆಳು ನಮ್ಮ ಎತ್ತು ಹೊಡೆದ. ನಾನು ಕಬ್ಬಿಣದ ಕೈಯಿಂದ ಬೀಜ ಬಿಡುತ್ತ ಹೋದೆ. ಹಿಂದೆ ಬರುತ್ತಿದ್ದ ರಸೂಲಮಾಮಾ ಸಾಲಿನ ಮಣ್ಣು ಕೆದರಿದರು. ಒಂದೆಡೆ ಕಾಳಿನ ಗುಂಪು. ಮುಂದೆ ಮಾರುದ್ದ ಬರಿ ಮಣ್ಣು.

ಕಾಕಾ ಎದ್ದ. “ಸರಿ ಲೇ ಅತ್ತಾಗ. ಹದಾ ಆರಾಕತ್ತೈತಿ. ಹೊಲಾ ಏನ್ ನಿನ್ನ ಕೈಯಾಗಿನ ದಾಗೀನಾ ನೋಡಕೋತ ಕೂಡತೈತೇನ?”

ನನ್ನ ಕಿವಿ ಕಾದವು. ರಸೂಲಮಾಮಾ ಹತ್ತಿರ ಬಂದು ಮೆಲ್ಲಗೆ ಕೇಳಿದರು: “ನಿನಗ ಬಲಗೈ ಬೇಕೋ, ಬೆಳಿ ಬೇಕೋ?”

ನನ್ನ ಹೆಂಡತಿ ನೀಲವ್ವ ಬಲಕ್ಕೆ ನಿಂತಿದ್ದಳು. ಬೀಜದ ಬುಟ್ಟಿ ಎತ್ತಿಕೊಂಡು ನನ್ನ ಎಡಕ್ಕೆ ಬಂದು ನಿಂತಳು.

ನಾನು ಹಲ್ಲಿನಿಂದ ಪಟ್ಟಿ ಬಿಚ್ಚಿ ಆ ಕೈಯನ್ನು ಬದುವಿಗೆ ಎಸೆದೆ. ಎಡಗೈ ಹಿಡಿಯಲ್ಲಿ ಬೀಜ ತಗೊಂಡು ಬಟ್ಟಲಿಗೆ ಬಿಡುತ್ತ ಹೋದೆ. ಸಾಲು ಮುಗಿದಾಗ ರಸೂಲಮಾಮಾ ಮತ್ತೆ ಮಣ್ಣು ಕೆದರಿದರು, ನೋಡಿದರು, ಕಾಲಿನಿಂದ ಮುಚ್ಚಿದರು. ಕಾಕಾ ಧೋತರ ಝಾಡಿಸಿಕೊಂಡು ಎತ್ತು ಹೊಡೆದುಕೊಂಡು ಹೋದ.

ಕೆಲವು ವರ್ಷಗಳ ನಂತರ ರಸೂಲಮಾಮಾರಿಗೆ ಲಕ್ವಾ ಹೊಡೆದು ಬಲಭಾಗ ಬಿದ್ದುಹೋಯಿತು. ರೊಟ್ಟಿ, ಬದನೆಕಾಯಿ ಪಲ್ಯ ಕಟ್ಟಿಕೊಂಡು ಹೋದೆ. ಅದೇ ಕಡೆಯ ಭೇಟಿ. ತುತ್ತು ಮುರಿದು ಬಾಯಿಗೆ ಹಿಡಿದರೆ ಮುಖ ಆಚೆ ಮಾಡಿದರು. “ತಾಟ ಇತ್ತ ಸರಸು,” ಎಂದರು, ತೊದಲುತ್ತ.

ಸರಿಸಿದೆ. ಅವರ ಎಡಗೈಗೆ ರೊಟ್ಟಿ ಸಿಗಲೊಲ್ಲದು. ತಾಟಿನ ಅಂಚಿಗೆ ಜಾರಿತು, ಕೆಳಗೆ ಬಿತ್ತು. ಎತ್ತಿಕೊಡಲು ಮುಂದಾದ ನನ್ನ ಕೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತೆ.