ನನ್ನ ಸೀರೆಗೆ ಅವಳ ಕೈ

ಹತ್ತನೇ ಕ್ಲಾಸು ಮುಗಿಸಿ ಲಕ್ಷ್ಮೇಶ್ವರದ ವಸತಿ ಕಾಲೇಜಿಗೆ ಹೊರಟಾಗ, ಬೆಟಗೇರಿಯ ನಮ್ಮ ಮನೆಯ ಮಗ್ಗದ ಮೇಲೆ ನಾನು ನೇಯುತ್ತಿದ್ದ ಸೀರೆ ಅರ್ಧಕ್ಕೆ ನಿಂತಿತ್ತು. ಸೀರೆಯನ್ನು ಶುರು ಮಾಡಿದವರೇ ಮುಗಿಸಬೇಕೆಂಬುದು ನಮ್ಮ ಮನೆಯ ಕಟ್ಟುನಿಟ್ಟು. ಎಳೆ ಕೂಡಿಸಲು ಹಲಗೆ ಬಡಿಯುವ ಪೆಟ್ಟು ಒಬ್ಬೊಬ್ಬರದು ಒಂದೊಂದು ತರಹ. ಕೈ ಬದಲಾದರೆ ಬಟ್ಟೆಯಲ್ಲಿ ಕಾಣುತ್ತದೆ. ಹಟ ಹಿಡಿದು ಅಪ್ಪನಿಂದ ಮಾತು ತೆಗೆದುಕೊಂಡೇ ಬಸ್ಸು ಹತ್ತಿದೆ.

"ನೀ ದಸರಾ ಸೂಟಿಗೆ ಬರೂತನಕ ಅದನ್ನ ಯಾರೂ ಮುಟ್ಟಂಗಿಲ್ಲ. ಆತಿಲ್ಲೋ?" ಎಂದಿದ್ದ ಅಪ್ಪ.

ಅಷ್ಟು ತಿಂಗಳು ಮಗ್ಗ ಸುಮ್ಮನೆ ಬಿದ್ದಿರುತ್ತದೆಂದು ನಂಬಿದ ನಾನೂ ಶಾಣ್ಯಾಕಿಯೇ! ಬಸ್ಸು ಮುಳಗುಂದ ದಾಟುವವರೆಗೂ ಅಳಲಿಲ್ಲ.

ಒಂದು ಭಾನುವಾರ ಹಾಸ್ಟೆಲಿನಿಂದ ಫೋನ್ ಮಾಡಿದಾಗ ಅವ್ವನ ದನಿಯ ಹಿಂದೆ ಮನೆಯ ಎರಡೂ ಮಗ್ಗಗಳ ಸದ್ದು ಕೇಳಿತು. ಒಂದು ಅಪ್ಪನದು. ಇನ್ನೊಂದು?

"ಯವ್ವಾ, ನನ್ನ ಮಗ್ಗದಾಗ ಯಾರು ಕುಂತಾರ?"

"ನಿನ್ನ ತಂಗಿ. ಸಾಲಿಯಿಂದ ಬಂದು ಒಂದೀಟು ನೇಯ್ತಾಳ. ಖಾಲಿ ಎಷ್ಟ ದಿನ ಇಡೂದು?"

ನನ್ನ ಜಾಗ, ಅಪ್ಪನ ಮಗ್ಗುಲಿನ ಜಾಗ. ಅಂದಿನಿಂದ ಊಟ ಸೇರಲಿಲ್ಲ. ಅವಳ ಎಳೆ ಹರಿಯಲಿ, ಅಂಚು ಸೊಟ್ಟಗಾಗಲಿ ಎಂದು ತಟ್ಟೆ ಹಿಡಿದು ಸಾಲಿನಲ್ಲಿ ನಿಂತೇ ಹರಸುತ್ತಿದ್ದೆ.

ದಸರೆಗೆ ಬಂದರೆ ಸೀರೆ ಮುಗಿದು ಮಡಿಕೆಯಾಗಿ ಕೂತಿತ್ತು. ತಂಗಿ "ಅಕ್ಕಾ" ಎಂದು ಓಡಿ ಬಂದಳು. ನಾನು ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದೆ.

ಮರುದಿನ ಸೀರೆ ಒಯ್ಯಲು ವ್ಯಾಪಾರಿ ಬಂದರು. ಬಾಗಿಲ ಬೆಳಕಿಗೆ ಬಿಚ್ಚಿ, ಬೆರಳಾಡಿಸುತ್ತ ಹೋದರು. ಈಗ ಸಿಕ್ಕಿಬೀಳುತ್ತಾಳೆ ಎಂದು ನಾನು ಕಂಬಕ್ಕೊರಗಿ ಕಾದೆ. ನಡುವೆ ಅವರ ಬೆರಳು ನಿಂತಿತು.

"ಮೊದಲಿನ ಅರ್ಧ ಪೆಟ್ಟು ಸಡ್ಲ ಬಿದ್ದೈತಿ. ಆಮ್ಯಾಲಿಂದು ಭಾಳ ಚಂದ ಐತಿ. ಈ ಸಡ್ಲ ಕೈ ಯಾರದು?"

ಸಡಿಲ ಬಿದ್ದದ್ದು ನನ್ನದು. ಮನೆಯವರಿಗೆಲ್ಲ ಅದು ಗೊತ್ತು. ನಾನು ಕಂಬದ ಮರೆಗೆ ಸರಿದೆ.

"ನಂದರೀ," ಎಂದಳು ತಂಗಿ. "ಹೊಸದಾಗಿ ಕುಂತಿದ್ದೆ, ಕೈ ಪಳಗಿದ್ದಿಲ್ಲ."

"ಭಾಳ ಜಲ್ದಿ ಕಲತಿ ಬಿಡವಾ," ಎಂದು ಅವರು ನಕ್ಕು ಸೀರೆ ಮಡಚಿದರು.

ಅಪ್ಪ ನನ್ನ ಕಡೆ ನೋಡಲಿಲ್ಲ. ತಂಗಿಯನ್ನು ಹತ್ತಿರ ಎಳೆದುಕೊಂಡು ತಲೆ ಸವರಿದ. ನನ್ನ ತಪ್ಪನ್ನು ಅವಳು ಹೊತ್ತಳಲ್ಲ ಎಂದು ನನಗೆ ನಾಚಿಕೆಯಾಗಬೇಕಿತ್ತು. ಆಯಿತು ಕೂಡ, ಆದರೆ ಅದು ಆಮೇಲೆ. ಮೊದಲು ಆ ತಲೆಯ ಮೇಲಿನ ಅಪ್ಪನ ಕೈ ನೋಡಿ ಹೊಟ್ಟೆ ಉರಿಯಿತು.