ಒಂದೇ ಹಾಳೆಯ ಖಾನಾವಳಿ

ಮಸ್ಕಿಯ ಆ ಪದವಿ ಕಾಲೇಜಿನಲ್ಲಿ ಬಿ.ಕಾಂ. ಓದಿದ ಯಾರನ್ನೇ ಕೇಳಿ, ಹುಲಿಗೇಶ ಸರ್ ಹೇಳಿಕೊಟ್ಟ ಮಾತುಗಳನ್ನು ನಿಂತ ಕಾಲಲ್ಲೇ ಒಪ್ಪಿಸುತ್ತಾರೆ. ಕೇಸ್ ಸ್ಟಡಿಯನ್ನು, ಅಂದರೆ ಯಾವುದೋ ವ್ಯವಹಾರದ ಕಷ್ಟ ಬರೆದು ಪರಿಹಾರ ಕೇಳುವ ಪ್ರಶ್ನೆಯನ್ನು, ಮೊದಲ ಸಲ ಪೆನ್ನು ಕೆಳಗಿಟ್ಟು ಓದಬೇಕು. ಎರಡನೆಯ ಸಲ ಪೆನ್ನು ಹಿಡಿದು, ನಡೆದ ಸಂಗತಿ ಯಾವುದು, ಯಾರೋ ಆಡಿದ ಮಾತು ಯಾವುದು ಅಂತ ಬೇರೆ ಮಾಡಬೇಕು. ಗಿರಾಕಿ ಕಡಿಮೆಯಾದದ್ದು ಬರೀ ಜ್ವರ, ರೋಗ ಒಳಗೆಲ್ಲೋ ಇರುತ್ತದೆ, ಅದನ್ನು ಹುಡುಕಬೇಕು. ಇರುವ ದಾರಿಗಳನ್ನೆಲ್ಲ ಬರೆದು ಒಂದನ್ನೇ ಆರಿಸಬೇಕು. ಯಾರು, ಏನನ್ನು, ಯಾವಾಗಿನಿಂದ ಮಾಡಬೇಕೆಂದು ಹೇಳಿ ಮುಗಿಸಬೇಕು. ಇದೆಲ್ಲಕ್ಕೂ ಮೇಲೆ ಒಂದು ಕಟ್ಟಪ್ಪಣೆ: ಕೇಸಿನಲ್ಲಿ ಇಲ್ಲದ್ದನ್ನು ಉತ್ತರದಲ್ಲಿ ತರಬಾರದು.

ಹುಲಿಗೇಶ ಹುಟ್ಟಿದ್ದು ಸಿಂಧನೂರು ತಾಲೂಕಿನ ಮುಕ್ಕುಂದದಲ್ಲಿ. ಭತ್ತದ ಗದ್ದೆಯ ಕೆಸರು ಬೇಡವೆಂದು ಓದಿದ, ಓದಿ ಅತಿಥಿ ಉಪನ್ಯಾಸಕನಾದ. ಹನ್ನೊಂದು ವರ್ಷದಿಂದ ಅತಿಥಿಯೇ. ಯಾವ ಮನೆಯಲ್ಲಿ ಅತಿಥಿಯನ್ನು ಹನ್ನೊಂದು ವರ್ಷ ಬಾಗಿಲಲ್ಲೇ ನಿಲ್ಲಿಸುತ್ತಾರೋ ದೇವರೇ ಬಲ್ಲ. ಪ್ರತಿ ವರ್ಷ ಹೊಸದಾಗಿ ಆದೇಶ ಬರಬೇಕು, ಬಂದ ಮೇಲೆ ಸಿಂಧನೂರಿನ ಬಾಡಿಗೆ ಮನೆಯಿಂದ ಮಸ್ಕಿಯ ಬಸ್ಸು ಹಿಡಿಯಬೇಕು. ಆದರೂ ಪಾಠದ ವಿಷಯದಲ್ಲಿ ಅವನಿಗೊಂದು ಗರ್ವವಿತ್ತು. ಪುಸ್ತಕದಲ್ಲಿದ್ದ ಪರದೇಶದ ಬೂಟಿನ ಕಂಪನಿಗಳ ಕೇಸುಗಳನ್ನು ಆಚೆಗಿಟ್ಟು, ಲಿಂಗಸುಗೂರಿನ ಪೆಂಡಾಲ್ ಅಂಗಡಿ, ಹಟ್ಟಿಯ ಪಂಪ್ ರಿಪೇರಿಯವನು ಅಂತ ಊರೂರ ವ್ಯವಹಾರಗಳನ್ನೇ ಹೆಸರು ಬದಲಿಸಿ ಕೇಸು ಮಾಡುತ್ತಿದ್ದ. ಹುಡುಗರಿಗೆ ಹಿಡಿಸಿತ್ತು. ಅದರಲ್ಲೂ ಭುವನೇಶ್ವರಿ ಅನ್ನುವ ಕೊನೆಯ ವರ್ಷದ ಹುಡುಗಿಗೆ.

"ಸರ್, ಎಂ.ಕಾಂ. ಮಾಡಿದ್ರ ಈ ಪಾಠ ನಾನೂ ಹೇಳಬಹುದೇನ್ರಿ?" ಅಂತ ಒಮ್ಮೆ ವರಾಂಡದಲ್ಲಿ ಕೇಳಿದ್ದಳು.

"ನನ್ನ ಕುರ್ಚಿಗೇ ಕಣ್ಣು ಹಾಕಿಯೇನವ್ವಾ?" ಅಂತ ಇವನು ನಕ್ಕಿದ್ದ. ಅವಳು ನಕ್ಕಿರಲಿಲ್ಲ. ಆ ಮಾತು ಅವಳಿಗೆ ತಮಾಷೆಯದಾಗಿರಲಿಲ್ಲ.

ಮಧ್ಯಾಹ್ನದ ಊಟಕ್ಕೆ ಹುಲಿಗೇಶ ಬಸ್ ಸ್ಟ್ಯಾಂಡಿನ ಹಿಂದಿದ್ದ ಬಸವಣ್ಣೆಮ್ಮನ ಖಾನಾವಳಿಗೆ ಹೋಗುತ್ತಿದ್ದ. ಗಂಡ ತೀರಿಕೊಂಡ ಮೇಲೆ ಆಕೆ ಒಬ್ಬಳೇ ಎತ್ತಿ ನಿಲ್ಲಿಸಿದ ಖಾನಾವಳಿ ಅದು. ಅಡುಗೆ ಮಾಡಿ ಬಡಿಸುವುದು ಆಕೆ, ರೊಟ್ಟಿ ಬಡಿಯುವುದು ಆದೆಮ್ಮ ಅನ್ನುವ ಹೆಂಗಸು. ಈಚೆಗೆ ಆದೆಮ್ಮನ ಭುಜ ಬಿದ್ದುಹೋಗಿತ್ತು. ಹತ್ತು ರೊಟ್ಟಿಗೊಮ್ಮೆ ಗೋಡೆಗೆ ಒರಗಿ ಕೂತುಬಿಡುತ್ತಿದ್ದಳು. ಜನ ಬಂದು, ಕಾದು, ಗೊಣಗಿ, ಎದ್ದುಹೋಗುತ್ತಿದ್ದರು. ಹುಲಿಗೇಶನೂ ಕಾದ. ಕಾಯುತ್ತಾ ಕೂತವನಿಗೆ ಕಣ್ಣೆದುರಿನ ಖಾನಾವಳಿ ಕೇಸಾಗಿ ಕಾಣತೊಡಗಿತು. ಎಷ್ಟು ಹೊತ್ತಿಗೆ ಜನ ಬರುತ್ತಾರೆ, ಬೇರೆ ಹೆಂಗಸರನ್ನು ಯಾಕೆ ಇಟ್ಟುಕೊಂಡಿಲ್ಲ ಅಂತ ಬಸವಣ್ಣೆಮ್ಮನನ್ನು ಒಂದೊಂದೇ ಕೇಳಿ ನೋಟ್‌ಬುಕ್ಕಿನಲ್ಲಿ ಗೀಚಿಕೊಂಡ. ಮಾಸ್ತರು ತನ್ನ ಕಷ್ಟ ಕೇಳುತ್ತಾರಲ್ಲ ಅಂತ ಆ ಹೆಣ್ಣುಮಗಳು ಹೊಟ್ಟೆಯೊಳಗಿನದನ್ನೆಲ್ಲ ಹೇಳಿಕೊಂಡಳು.

"ಮೂರು ಮಂದಿ ಬಂದು ಬಿಟ್ಟು ಹೋದ್ರು ರೀ. ಹತ್ತಿ ಬಿಡಿಸಾಕ ಹೋದ್ರ ಮಂದಿ ಜೋಡಿ ಮಾತಾಡಿಕೋತ ಕೆಲಸ ಆಕ್ಕತಿ, ಇಲ್ಲಿ ಒಲಿ ಮುಂದ ಯಾರು ಸಾಯ್ತಾರ? ಮಗಳು ಒಬ್ಬಾಕಿ ಅದಾಳ. ರೊಟ್ಟಿ ಬಡಿಯಾಕ ಬರ್ತೈತಿ. ಆದ್ರ ನನ್ನ ಕೈ ಸುಟ್ಟಿದ್ದ ಸಾಕು, ಆಕಿ ಹಂಚು ಮುಟ್ಟಬಾರ್ದು ಅಂತ ಓದಸಾಕತ್ತೀನ್ರಿ ಸರ್."

ಯಾವ ಕಾಲೇಜು ಅಂತ ಕೇಳುವ ಉಸಾಬರಿಗೆ ಅವನು ಹೋಗಲಿಲ್ಲ. ಅವನು ಉಣ್ಣುವ ಹೊತ್ತಿಗೆ ಮಗಳು ಕಾಲೇಜಿನಲ್ಲಿರುತ್ತಿದ್ದಳಾದ್ದರಿಂದ ಅವಳ ಮುಖವನ್ನೂ ಅಲ್ಲಿ ಕಂಡಿರಲಿಲ್ಲ.

ಇಂಟರ್ನಲ್ ಪರೀಕ್ಷೆಗೆ ಅದನ್ನೇ ಕೊಡೋಣವೆಂದು ಬರೆದ. ಒಂದೂವರೆ ಪುಟವಾಯಿತು. ಕಾಲೇಜಿನವರು ಪ್ರಶ್ನೆಗೆ ತಲೆಗೊಂದೇ ಹಾಳೆ, ಒಂದೇ ಮಗ್ಗುಲು ಝೆರಾಕ್ಸ್ ಮಾಡಿಕೊಡುತ್ತಿದ್ದರು. ಕತ್ತರಿ ಹಾಕಲೇಬೇಕಾಯಿತು. ಬಸ್ಸಿನಲ್ಲಿ ಕೂತು ಒಂದೊಂದೇ ಸಾಲು ಹೊಡೆಯುತ್ತಾ ಬಂದ. 'ಹಂಚು ಮುಟ್ಟಬಾರದು ಎಂದು ಓದಿಸುತ್ತಿದ್ದೇನೆ' ಅನ್ನುವ ಸಾಲಿನ ಮೇಲೆ ಪೆನ್ನು ಒಂದು ಗಳಿಗೆ ನಿಂತಿತು. ಇದು ಸಂಗತಿಯಲ್ಲ, ಯಾರೋ ಆಡಿದ ಮಾತು ಅಂತ ತನ್ನ ಪಾಠವೇ ನೆನಪಾಗಿ ಅದನ್ನೂ ಹೊಡೆದ. 'ಓದುತ್ತಿದ್ದಾಳೆ' ಅನ್ನುವುದೂ ಅದರ ಜೊತೆಗೇ ಹೋಯಿತು. ಉಳಿದದ್ದು ಇಷ್ಟು: 'ಒಬ್ಬ ಮಗಳಿದ್ದಾಳೆ. ವಯಸ್ಸು ಇಪ್ಪತ್ತು. ರೊಟ್ಟಿ ಬಡಿಯಲು ಬಲ್ಲಳು.' ಹೆಸರುಗಳನ್ನು ಬದಲಿಸಿದ. ಖಾನಾವಳಿ ಒಂದೇ ಹಾಳೆಗೆ ಅಚ್ಚುಕಟ್ಟಾಗಿ ಕೂತಿತು.

ಉತ್ತರ ಪತ್ರಿಕೆಯಲ್ಲಿ ಹೆಸರಿರುವ ಮೂಲೆಯನ್ನು ಮಡಚಿ ಕೊಡಬೇಕು ಅನ್ನುವುದೂ ಹುಲಿಗೇಶನದೇ ಶಿಸ್ತು. ಯಾರ ಮುಖ ನೋಡಿಯೂ ಅಂಕ ಕೊಟ್ಟವನಲ್ಲ. ಹೆಚ್ಚಿನವರು ಹೊಸ ಬೋರ್ಡು ಹಾಕಿಸಬೇಕು, ಕುರ್ಚಿ ಬದಲಿಸಬೇಕು ಅಂತ ಜ್ವರಕ್ಕೇ ಮದ್ದು ಅರೆದಿದ್ದರು. ಒಂದು ಉತ್ತರ ಮಾತ್ರ ರೋಗಕ್ಕೇ ಕೈ ಹಾಕಿತ್ತು. 'ಊಟದಲ್ಲಿ ದೋಷವಿಲ್ಲ. ಬಿಸಿ ರೊಟ್ಟಿ ಹೊತ್ತಿಗೆ ಸರಿಯಾಗಿ ಸಿಗದಿರುವುದೇ ಸಮಸ್ಯೆ. ಮೊದಲ ದಾರಿ, ಸಿಂಧನೂರಿನಿಂದ ಮಷೀನ್ ರೊಟ್ಟಿ ತರಿಸುವುದು. ಬಿಸಿ ರೊಟ್ಟಿಗೆಂದೇ ಬರುವವರು ನಿಲ್ಲುವುದಿಲ್ಲ. ಎರಡನೆಯದು, ಹೊಸಬರನ್ನು ಇಟ್ಟುಕೊಳ್ಳುವುದು. ಮೂರು ಸಲ ಸೋತಿದೆ. ಮೂರನೆಯದು, ಮಗಳು. ಕೆಲಸ ಬಲ್ಲಳು, ಬಿಟ್ಟು ಹೋಗುವವಳಲ್ಲ. ಅವಳಿಗೆ ಬೇರೆ ಕೆಲಸವಿರುವುದಾಗಿ ಕೇಸಿನಲ್ಲಿ ಹೇಳಿಲ್ಲ.' ಕಡೆಯ ಸಾಲು: 'ಯಾರು: ಮಗಳು. ಏನು: ಒಲೆಯ ಮುಂದೆ ಕೂರುವುದು. ಯಾವಾಗಿನಿಂದ: ಬರುವ ಸೋಮವಾರದಿಂದ.'

ಹುಲಿಗೇಶನಿಗೆ ಹಿಗ್ಗು ತಡೆಯಲಾಗಲಿಲ್ಲ. ಹನ್ನೊಂದು ವರ್ಷದಲ್ಲಿ ಒಬ್ಬರಾದರೂ ಪಾಠವನ್ನು ಹೀಗೆ ಅರಗಿಸಿಕೊಂಡರಲ್ಲ! ಇಪ್ಪತ್ತಕ್ಕೆ ಹತ್ತೊಂಬತ್ತು ಕೊಟ್ಟು ಕೆಂಪು ಮಸಿಯಲ್ಲಿ ಬರೆದ: 'ತೀರ್ಮಾನ ಸರಿಯಾಗಿದೆ. ತಡಮಾಡದೆ ಜಾರಿಗೆ ತರಬೇಕು.' ಆಮೇಲೆ ಮೂಲೆ ಬಿಚ್ಚಿ ನೋಡಿದರೆ, ಭುವನೇಶ್ವರಿ.

ಶುಕ್ರವಾರ ತರಗತಿಯಲ್ಲಿ ಅದನ್ನು ಗಟ್ಟಿಯಾಗಿ ಓದಿಸಿ, ಎಲ್ಲರಿಂದ ಚಪ್ಪಾಳೆ ಹೊಡೆಸಿದ. ಹುಡುಗಿ ಪತ್ರಿಕೆ ಇಸಿದುಕೊಂಡು ಮೇಜಿನ ಹತ್ತಿರವೇ ನಿಂತಳು.

"ಸರ್, ಇದು ಖರೇನ ಸರಿ ಐತೇನ್ರಿ?"

"ಹತ್ತೊಂಬತ್ತು ಕೊಟ್ಟೀನಲ್ಲವಾ, ಇನ್ನೇನು ಬೇಕು?"

"ಏನಿಲ್ರಿ" ಅಂದು ಹೋದಳು. ಆ ಪ್ರಶ್ನೆಗೆ ಇನ್ನೊಂದು ಸಲ ಕಿವಿ ಕೊಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು ಅವನದು?

ಸೋಮವಾರ ಅವಳ ಬೆಂಚು ಖಾಲಿಯಿತ್ತು. ಮರುದಿನ, ಅದರ ಮರುದಿನವೂ ಖಾಲಿ. ಆ ಮೂರು ದಿನ ಹುಲಿಗೇಶ ಮನೆಯಿಂದ ಬುತ್ತಿ ತಂದಿದ್ದ. ಗುರುವಾರ ಖಾನಾವಳಿಗೆ ಹೋದ. ಕೂರಲು ಜಾಗವಿರಲಿಲ್ಲ. ಎದ್ದುಹೋದ ಜನ ಯಾವಾಗ ತಿರುಗಿ ಬಂದರೋ, ಎಲ್ಲರ ತಟ್ಟೆಯಲ್ಲೂ ಬಿಸಿ ರೊಟ್ಟಿ. ಒಳಗಿಂದ ಪಟಪಟ ಬಡಿಯುವ ಸದ್ದು ಎಡೆಬಿಡದೆ ಬರುತ್ತಿತ್ತು. ಇಣುಕಿ ನೋಡಿದ. ಒಲೆಯ ಮುಂದೆ ಭುವನೇಶ್ವರಿ ಕೂತಿದ್ದಳು. ಕೈ ಮೊಣಕೈವರೆಗೆ ಹಿಟ್ಟು, ಬಲಗೈ ಬೆರಳಿಗೆ ಬಟ್ಟೆ ಸುತ್ತಿತ್ತು.

ಹುಲಿಗೇಶ ಒಳಬಾಗಿಲಿಗೇ ಬಂದ.

"ಭುವನೇಶ್ವರಿ! ಇದು... ನಿಮ್ಮ ಖಾನಾವಳಿಯೇನವ್ವಾ?"

"ಹೌದ್ರಿ ಸರ್." ಅವಳು ರೊಟ್ಟಿ ತಿರುವಿ ಹಾಕಿದಳು. "ಕೇಸ್ ಓದಿದ ಕೂಡ್ಲೇ ಗೊತ್ತಾತು. ನಿಮಗ ಗೊತ್ತಿದ್ದೇ ಕೊಟ್ಟೀರಿ ಅನ್ಕೊಂಡೆ."

"ಮತ್ತ ಓದು? ಎಂ.ಕಾಂ.? ಅದನ್ನ ಯಾಕ ಬರೀಲಿಲ್ಲ ನೀ?"

"ಅದು ಕೇಸ್‌ನ್ಯಾಗ ಇದ್ದಿದ್ದಿಲ್ರಿ ಸರ್."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ತಪ್ಪಾಯಿತು, ನಾಳೆಯಿಂದ ಕಾಲೇಜಿಗೆ ಬಾ, ಅಂದ. ಪರೀಕ್ಷೆಯ ಉತ್ತರ ಬೇರೆ, ಬದುಕು ಬೇರೆ, ಅಂದ. ಹುಡುಗಿ ಎಲ್ಲವನ್ನೂ ಕೇಳಿಸಿಕೊಂಡು, ಹಿಟ್ಟು ನಾದುತ್ತಲೇ ಕೇಳಿದಳು: "ಆದೆಮ್ಮಗ ಕೈ ಎತ್ತಾಕ ಆಗವಲ್ದು. ನಾಲ್ಕನೇ ದಾರಿ ಇದ್ರ ಹೇಳ್ರಿ ಸರ್, ಈಗ ಎದ್ದು ಬರ್ತೀನಿ."

ಹನ್ನೊಂದು ವರ್ಷ ಕೇಸು ಬಿಡಿಸಿದ ಮನುಷ್ಯನಿಗೆ ನಾಲ್ಕನೆಯ ದಾರಿ ಹೊಳೆಯಲಿಲ್ಲ. ಅವಳು ಮುಂದಿನ ರೊಟ್ಟಿಗೆ ಕೈ ಹಾಕಿದಳು.

ಬಸವಣ್ಣೆಮ್ಮ ತಟ್ಟೆ ಹಿಡಿದು ಬಂದಳು. ಗಿರಾಕಿ ತಿರುಗಿ ಬಂದ ಖುಷಿ ಆ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ. ಸೆರಗಿನಿಂದ ನಾಲ್ಕು ಮಡಿಕೆ ಮಾಡಿದ ಪತ್ರಿಕೆ ತೆಗೆದು, ಅಕ್ಷರ ಬರದಿದ್ದರೂ ಕೆಂಪು ಮಸಿಯ ಮೇಲೆ ಬೆರಳಿಟ್ಟಳು.

"ನಾ ಬ್ಯಾಡಂದೆ ರೀ. ಅತ್ತು ಕರದು ಬೈದೆ. ಸರ್ರೇ ಸರಿ ಅಂತ ಬರದಾರ ನೋಡಬೇ ಅಂತ ಇದನ್ನ ಓದಿ ಹೇಳಿದ್ಳು. ನಿಮ್ಮ ಮಾತಿಗೆ ನಾ ಏನನ್ಲಿ? ಆದ್ರ ಸರ್, ಆಕಿ ಹಂಚು ಮುಟ್ಟಬಾರ್ದು ಅಂತ ನಿಮಗ ಹೇಳಿದ್ನೆಲ್ರೀ. ಇಲ್ಲೇ ಕುಂತು ಕೇಳಿದ್ರಿ. ಮರ್ತ್ರೇನು?"

ಹೊಡೆದು ಹಾಕಿದ ಆ ಸಾಲು, ಅದರ ಮೇಲೆ ಒಂದು ಗಳಿಗೆ ನಿಂತ ತನ್ನ ಪೆನ್ನು, ಎರಡೂ ಹುಲಿಗೇಶನ ಕಣ್ಣ ಮುಂದೆ ಬಂದವು. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತ್ತು. ಮಗಳೂ ಉತ್ತರಕ್ಕೆ ಕಾಯುತ್ತಿದ್ದಳು.

"ಹೌದಮ್ಮಾ" ಅಂದ ಅವನು, "ಮರ್ತೆ."