ಕುಡಿಯದೆ ಉಳಿದ ನೀರು

ಒಣದ್ರಾಕ್ಷಿ ಕಂಪನಿಗಳು ನೆಲಕ್ಕೂ ಜನಕ್ಕೂ ಎಷ್ಟು ಒಳಿತು ಮಾಡುತ್ತಿವೆ ಎಂದು ಅಳೆದು ಅಂಕ ಕೊಡುವುದು ನನ್ನ ಮೊದಲ ನೌಕರಿ. ಅದನ್ನು ಕಲಿಸಿದವರು ಜೋರಾಪುರ ಪೇಟೆಯ ಒಬ್ಬ ಮೇಡಂ. ತಿಕೋಟಾ, ಬಬಲೇಶ್ವರದ ದೂಳಿನಲ್ಲಿ ಜೀಪು ಕುಲುಕುವಾಗ ದುಪಟ್ಟಾದ ತುದಿಯಿಂದ ಕನ್ನಡಕ ಒರೆಸುತ್ತಲೇ ಇರುತ್ತಿದ್ದರು. ಯಾರು ಏನೇ ಹೇಳಿದರೂ ನಕ್ಕು, “ಈಗ ಖರೇ ಹೇಳ್ರಿ” ಎನ್ನುತ್ತಿದ್ದರು.

ಒಮ್ಮೆ ಕಳ್ಳಕವಟಗಿಯ ಶೆಡ್ಡಿನಲ್ಲಿ ಮ್ಯಾನೇಜರು ತಮ್ಮ ಕಂಪನಿ ಎಷ್ಟು ನೀರು ಉಳಿಸುತ್ತದೆಂದು ಹೆಮ್ಮೆಯಿಂದ ವಿವರಿಸುತ್ತಿದ್ದರು. ಮೇಡಂ ಒಣದ್ರಾಕ್ಷಿ ಆರಿಸಿ ಬೇರ್ಪಡಿಸುವ ಹೆಂಗಸರ ನಡುವೆ ಕೂತು, ತಮ್ಮ ನೀರಿನ ಬಾಟಲಿ ಮುಂದೆ ಮಾಡಿದರು. ಯಾರೂ ಮುಟ್ಟಲಿಲ್ಲ.

“ಯಾಕ್ರಿ? ಖರೇ ಹೇಳ್ರಿ.”

“ಕುಡದ್ರ ಹೊರಗ ಹೋಗಬೇಕಾಕ್ಕೈತ್ರಿ ಅಕ್ಕಾರ. ಇಲ್ಲಿ ಸಂಡಾಸ ಇಲ್ಲ. ಸಂಜೀ ಮಟ ಹಂಗ ಇರತೇವ್ರಿ,” ಎಂದಳು ಒಬ್ಬಳು.

“ಇದು ನೀರಿನ ಲೆಕ್ಕಕ್ಕ ಬರಂಗಿಲ್ರಿ ಮೇಡಂ,” ಎಂದರು ಮ್ಯಾನೇಜರು.

“ಇವರು ಕುಡೀಲಾರದ ಬಿಟ್ಟ ನೀರೂ ನಿಮ್ಮ ಉಳಿತಾಯನ ಏನ್ರಿ?”

ಶೌಚಾಲಯ ಆಗುವ ತನಕ ಮೇಡಂ ಆ ಶೆಡ್ಡಿಗೆ ಅಂಕ ಕೊಡಲೇ ಇಲ್ಲ.

ಮರುವರ್ಷ ಅವರಿಗೆ ವರ್ಗವಾಗಿ, ನಾನೊಬ್ಬನೇ ಹೋದೆ. ಶೆಡ್ಡಿನ ಹಿಂದೆ ಹೊಸ ಶೌಚಾಲಯವಿತ್ತು. ಅದೇ ಹೆಂಗಸು ತಂಬಿಗೆ ಎತ್ತಿ ಗಟಗಟನೆ ಕುಡಿದು, ಬಾಯಿ ಒರೆಸಿಕೊಂಡು, ನನ್ನ ಹಿಂದಿನ ಬಾಗಿಲಿನತ್ತ ನೋಡಿದಳು.

“ಅಕ್ಕಾರು ಬರಲಿಲ್ಲೇನ್ರಿ?”